ಪ್ರಯೋಗಶಾಲೆಗಳ ರಕ್ಷಣೆ ಯಾರ ಹೊಣೆ?

ವಿದ್ಯೆಗಾಗಿ ಕಳುಹಿಸಿಕೊಟ್ಟ ಮಕ್ಕಳು ಕ್ಷೇಮವಾಗಿ ಮನೆಗೆ ಮರಳಬೇಕೆಂಬುದು ತಾಯಿತಂದೆಗಳ ಮೊದಲನೆಯ ಅಪೇಕ್ಷೆ. ಅದು ಅತಿ ಸಹಜವಾದ ಅಪೇಕ್ಷೆಯಾದುದರಿಂದಲೇ ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಶುಲ್ಕವೆಷ್ಟು, ಫಲಿತಾಂಶವೆಂತು, ಮುಂದೆ ಉದ್ಯೋಗವೇನು ಎಂದು ನೂರು ಪ್ರಶ್ನೆ ಕೇಳುವ ನಮ್ಮ ಗೃಹಸ್ಥರಲ್ಲಿ, ತಮ್ಮ ಮಗನೋ ಮಗಳೋ ನಿಂತು ಕೆಲಸಮಾಡುವ ರಸಾಯನ ಪ್ರಯೋಗಶಾಲೆಯಲ್ಲಿ ಬೆಂಕಿ ಬಿದ್ದರೆ ಆರಿಸುವ ಸಾಧನವುಂಟೇ ಎಂದು ವಿಚಾರಿಸಿದವರು ಎಷ್ಟು ಮಂದಿ? ಈ ಪ್ರಶ್ನೆಯು ಅಲ್ಪವಾದುದಲ್ಲವೆಂಬುದಕ್ಕೆ ದೂರದೇಶದ ಒಂದು ದೃಷ್ಟಾಂತವನ್ನು ವಾಚಕರ ಮುಂದಿಡುತ್ತೇವೆ.

ಲಾಸ್ ಏಂಜಲೀಸಿನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವು ಧನದಲ್ಲಾಗಲಿ ಪಾಂಡಿತ್ಯದಲ್ಲಾಗಲಿ ಯಾರಿಗೂ ಕಡಿಮೆಯಾದುದಲ್ಲ. ಅಲ್ಲಿ ೨೦೦೮ನೆಯ ಇಸವಿ ಡಿಸೆಂಬರ್ ೨೯ರಂದು, ರಜೆಯ ದಿನಗಳಲ್ಲಿ, ೨೩ ವರ್ಷ ವಯಸ್ಸಿನ ಸಂಶೋಧನಾ ಸಹಾಯಕಿಯೊಬ್ಬರು ಟರ್ಷಿಯರಿ ಬ್ಯೂಟೈಲ್ ಲಿಥಿಯಂ ಎಂಬ ದ್ರವವನ್ನು ಸೀಸೆಯಿಂದ ಪ್ಲಾಸ್ಟಿಕ್ ಸಿರಿಂಜಿಗೆ ಎಳೆದುಕೊಳ್ಳುತ್ತಿದ್ದರು. ಅವರು ಆ ಕೆಲಸಕ್ಕೆ ಸೇರಿ ಮೂರು ತಿಂಗಳೂ ತುಂಬಿರಲಿಲ್ಲ. ೬೦ ಮಿಲಿಲೀಟರು ಹಿಡಿಯುವ ಸಿರಿಂಜಿನಲ್ಲಿ ಒಂದೊಂದು ಸಲಕ್ಕೆ ೫೦ ಮಿಲಿಲೀಟರಿಗೂ ಮಿಗಿಲಾಗಿ ಎಳೆಯಬೇಕಾಗಿದ್ದಿತು. ಸಿರಿಂಜಿನ ಒಳದಂಡವು ಕಳಚಿ ಹೊರಬಂದಿತು. ದ್ರವವು ಗಾಳಿಗೆ ತಾಕಿದೊಡನೆಯೇ ಹೊತ್ತಿಕೊಂಡಿತು. ಮೈಮೇಲೆ ಪ್ರಯೋಗಶಾಲೆಯ ಕೋಟು ಇರಲಿಲ್ಲ. ಇದ್ದುದು ಕೃತಕ ನೂಲಿನ ಸ್ವೆಟರು. ದೇಹದ ನೂರಕ್ಕೆ ನಲವತ್ತು ಪಾಲಿಗೂ ಹೆಚ್ಚು ಸುಟ್ಟುಹೋಗಿ, ಹದಿನೆಂಟು ದಿನ ಯಾತನೆಪಟ್ಟು, ೨೦೦೯ನೆಯ ಜನವರಿ ೧೬ರಂದು ಆ ತರುಣಿ ಅಸುನೀಗಿದರು.

ಈ ದ್ರವದ ಸ್ವಭಾವವನ್ನು ನಮ್ಮಂತಹ ಸಾಮಾನ್ಯರೂ ಸ್ವಲ್ಪಮಟ್ಟಿಗೆ ತಿಳಿದಿರುವುದು ಒಳ್ಳೆಯದು. ಇಂಗಾಲದ ಪರಮಾಣುವಿಗೆ ಲಿಥಿಯಂ ಲೋಹವು ಅಂಟಿಕೊಂಡಿರುವ ಈ ಸಂಯುಕ್ತವು, ಅನ್ಯ ವಸ್ತುಗಳಲ್ಲಿರುವ ಜಲಜನಕವನ್ನು ಕಿತ್ತುಕೊಳ್ಳಲು ಸದಾ ಹವಣಿಸುತ್ತಿರುತ್ತದೆ. ಈ ಬಲವೇ ಅದರ ಉಪಯೋಗ: ಇತರ ದ್ರವ್ಯಗಳು ಅಲುಗಾಡಿಸಲಾರದ ಅಣುಗಳನ್ನು ಇದು ಒಡೆದು ಹೊಸ ಅಣುಗಳನ್ನು ಕಟ್ಟಲು ದಾರಿಮಾಡಿಕೊಡುತ್ತದೆ. ಇದೇ ಬಲವು ಅದರ ಅಪಾಯವೂ ಹೌದು. ಗಾಳಿಯ ಆಮ್ಲಜನಕವನ್ನೂ ತೇವವನ್ನೂ ಕಂಡೊಡನೆ ಕಿಡಿಯಾಗಲಿ ಕಡ್ಡಿಯಾಗಲಿ ಇಲ್ಲದೆಯೇ ತಾನಾಗಿ ಉರಿಯುತ್ತದೆ. ಇದನ್ನು ಸಾಮಾನ್ಯವಾಗಿ ಪೆಂಟೇನ್ ಎಂಬ ದ್ರಾವಕದಲ್ಲಿ ಕರಗಿಸಿ ಮಾರುತ್ತಾರೆ. ಆ ಪೆಂಟೇನೋ ೩೬ ಡಿಗ್ರಿ ಉಷ್ಣದಲ್ಲಿಯೇ ಕುದಿಯುವಂತಹದು; ಅಂದರೆ ನಮ್ಮ ಬೇಸಗೆಯ ಮಧ್ಯಾಹ್ನವೇ ಅದಕ್ಕೆ ಸಾಕು. ಅದರ ಆವಿಯು ಅತಿಶೀಘ್ರವಾಗಿ ಬೆಂಕಿ ಹಿಡಿಯುವುದು. ಹೀಗೆ ಕಿಡಿಯೂ ಸೌದೆಯೂ ಒಂದೇ ಸೀಸೆಯಲ್ಲಿ ಕೂಡಿಕೊಂಡಿರುತ್ತವೆ.

ಹಾಗಾದರೆ ಇದನ್ನು ಮುಟ್ಟಲೇ ಕೂಡದೆ? ಮುಟ್ಟಬಹುದು, ಮುಟ್ಟುವ ಕ್ರಮವುಂಟು, ಮತ್ತು ಆ ಕ್ರಮವು ಗುಟ್ಟೇನೂ ಅಲ್ಲ. ಪಾತ್ರೆಗಳನ್ನು ಚೆನ್ನಾಗಿ ಒಣಗಿಸಿ, ಅವುಗಳಲ್ಲಿನ ಗಾಳಿಯನ್ನು ಹೊರಡಿಸಿ, ಸಾರಜನಕವನ್ನೋ ಆರ್ಗಾನ್ ಅನಿಲವನ್ನೋ ತುಂಬಬೇಕು. ದ್ರವದ ಪ್ರಮಾಣವು ಹೆಚ್ಚಾಗಿದ್ದರೆ ಸಿರಿಂಜನ್ನು ಬಿಟ್ಟು, ಎರಡು ತುದಿಯೂ ತೆರೆದಿರುವ ಉದ್ದನೆಯ ಉಕ್ಕಿನ ಕೊಳವೆಯ ಮೂಲಕ, ಅನಿಲದ ಒತ್ತಡದಿಂದಲೇ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸಾಗಿಸಬೇಕು. ಸಿರಿಂಜನ್ನೇ ಬಳಸುವುದಾದರೆ ಅದು ಗಾಜಿನದಾಗಿರಬೇಕು, ಸೂಜಿಯು ತಿರುಚಿ ಬಿಗಿಯುವಂತಹದಾಗಿರಬೇಕು, ಅರ್ಧಕ್ಕಿಂತ ಹೆಚ್ಚಾಗಿ ತುಂಬಕೂಡದು. ಉರಿಯನ್ನು ತಡೆಯುವ ಬಟ್ಟೆಯ ಕೋಟು, ಕಣ್ಣಿಗೆ ಕನ್ನಡಕ, ಮುಖಕ್ಕೆ ಮರೆ, ಕೈಗೆ ಗವಸು ಇರಬೇಕು. ಸುತ್ತಮುತ್ತ ಬೇರೆ ಯಾವ ಉರಿಯುವ ದ್ರಾವಕವೂ ತೆರೆದಿರಕೂಡದು. ಎಲ್ಲಕ್ಕಿಂತ ಮಿಗಿಲಾಗಿ, ಇದನ್ನು ಬಲ್ಲವರು ಪಕ್ಕದಲ್ಲಿ ನಿಂತು, ಕೈಹಿಡಿದು ಕಲಿಸಿದ ಹೊರತು ಹೊಸಬರು ಈ ಕೆಲಸಕ್ಕೆ ಇಳಿಯಕೂಡದು.

ಇಲ್ಲಿ ಇನ್ನೊಂದು ವಿವೇಚನೆಯೂ ಅವಶ್ಯ. ಮೇಜಿನ ಮೇಲೆ ಚೆಲ್ಲಿ ಉರಿಯುವ ಇಂತಹ ದ್ರವ್ಯದ ಮೇಲೆ ನೀರು ಸುರಿಯುವುದು ಅನರ್ಥಕ್ಕೆ ಕಾರಣ. ಅದಕ್ಕೆ ಒಣ ಮರಳೋ ಒಣ ಪುಡಿಯೋ ಬೇಕು. ಆದರೆ ಮನುಷ್ಯನ ಬಟ್ಟೆಗೆ ಬೆಂಕಿ ಹತ್ತಿದಾಗ, ತಡಮಾಡದೆ ತಲೆಯ ಮೇಲಿಂದ ಧಾರಾಳವಾಗಿ ನೀರು ಸುರಿಸುವ ಸ್ನಾನಯಂತ್ರದ ಕೆಳಗೆ ಅವನನ್ನು ಎಳೆದು ನಿಲ್ಲಿಸಬೇಕು. ಈ ಎರಡು ವಿಧಿಗಳನ್ನು ಗಾಬರಿಯ ಕ್ಷಣದಲ್ಲಿ ಯಾರೂ ಯೋಚಿಸಿ ತಿಳಿಯಲಾರರು, ಮುಂಚೆಯೇ ಅಭ್ಯಾಸವಾಗಿರಬೇಕು. ಲಾಸ್ ಏಂಜಲೀಸಿನಲ್ಲಿ ಆ ಸ್ನಾನಯಂತ್ರದ ಕೆಳಗೆ ಆ ತರುಣಿಯನ್ನು ಯಾರೂ ಒಯ್ಯಲಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡುವುದು ಮೂರ್ಖತನವೆಂದು ನಮ್ಮ ಹಿರಿಯರು ಹೇಳಿದರು. ತೋಡಿದ ಬಾವಿಯ ದಾರಿ ತಿಳಿಯದಿರುವುದೂ ಅದಕ್ಕೆ ಕಡಿಮೆಯಾದ ದುರ್ದೈವವಲ್ಲ.

ಮುಂದೇನಾಯಿತೆಂಬುದನ್ನು ಅಧಿಕಾರಿವರ್ಗದವರು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇವೆ. ದುರಂತಕ್ಕೆ ಎರಡು ತಿಂಗಳ ಹಿಂದೆ, ೨೦೦೮ನೆಯ ಅಕ್ಟೋಬರಿನಲ್ಲಿ, ವಿಶ್ವವಿದ್ಯಾನಿಲಯದ ತಪಾಸಣಾಧಿಕಾರಿಗಳೇ ಆ ಪ್ರಯೋಗಶಾಲೆಯನ್ನು ನೋಡಿ, ಕೆಲಸಗಾರರು ಕೋಟು ಧರಿಸುತ್ತಿಲ್ಲವೆಂದು ಬರೆದಿಟ್ಟಿದ್ದರು. ಬರೆದದ್ದು ಕಡತದಲ್ಲಿ ಉಳಿಯಿತು. ಕೋಟು ಮೈಮೇಲೆ ಬರಲಿಲ್ಲ. ೨೦೦೯ರಲ್ಲಿ ಆ ರಾಜ್ಯದ ಕಾರ್ಮಿಕ ರಕ್ಷಣಾ ಇಲಾಖೆಯು ವಿಶ್ವವಿದ್ಯಾನಿಲಯಕ್ಕೆ ೩೧,೮೭೫ ಡಾಲರುಗಳ ದಂಡ ವಿಧಿಸಿತು. ೨೦೧೧ನೆಯ ಡಿಸೆಂಬರಿನಲ್ಲಿ ವಿಶ್ವವಿದ್ಯಾನಿಲಯದ ಆಡಳಿತಮಂಡಲಿಯ ಮೇಲೆಯೂ ಪ್ರಯೋಗಶಾಲೆಯ ಪ್ರಾಧ್ಯಾಪಕರ ಮೇಲೆಯೂ ಅಪರಾಧದ ಮೊಕದ್ದಮೆ ಹೂಡಲಾಯಿತು. ೨೦೧೨ರಲ್ಲಿ ಆಡಳಿತಮಂಡಲಿಯು ರಕ್ಷಣಾಕ್ರಮಗಳನ್ನು ಬಿಗಿಗೊಳಿಸಲೂ, ಮೃತರ ಹೆಸರಿನಲ್ಲಿ ಐದು ಲಕ್ಷ ಡಾಲರುಗಳ ವಿದ್ಯಾರ್ಥಿವೇತನವನ್ನು ಸ್ಥಾಪಿಸಲೂ ಒಪ್ಪಿ ಮೊಕದ್ದಮೆಯಿಂದ ಬಿಡುಗಡೆ ಹೊಂದಿತು. ೨೦೧೪ರಲ್ಲಿ ಪ್ರಾಧ್ಯಾಪಕರು ೮೦೦ ಗಂಟೆಗಳ ಸಮಾಜಸೇವೆಗೂ, ಸುಟ್ಟಗಾಯಗಳ ಚಿಕಿತ್ಸಾಲಯಕ್ಕೆ ಹತ್ತು ಸಾವಿರ ಡಾಲರು ಕೊಡುವುದಕ್ಕೂ ಒಪ್ಪಿ ವಿಚಾರಣೆಯಿಂದ ಪಾರಾದರು. ಒಂದು ಕೋಟಿನ ಬೆಲೆಯೇನು, ಅದಿಲ್ಲದುದರ ಬೆಲೆಯೇನು ಎಂಬುದನ್ನು ವಾಚಕರೇ ತೂಗಿ ನೋಡಲಿ.

ಆ ಮೊಕದ್ದಮೆಯಲ್ಲಿ ಅಡಗಿರುವ ಒಂದು ನ್ಯಾಯಸೂಕ್ಷ್ಮವು ನಮ್ಮನ್ನು ಬಹಳವಾಗಿ ಚಿಂತೆಗೀಡುಮಾಡುತ್ತದೆ. ಆ ತರುಣಿ ಸಂಬಳ ಪಡೆಯುವ ನೌಕರರಾಗಿದ್ದುದರಿಂದ ಮಾತ್ರವೇ ಕಾರ್ಮಿಕರ ರಕ್ಷಣೆಯ ಕಾನೂನು ಅವರಿಗೆ ಅನ್ವಯಿಸಿತು. ಅದೇ ಮೇಜಿನ ಮುಂದೆ, ಅದೇ ಸೀಸೆಯನ್ನು ಹಿಡಿದು, ಶುಲ್ಕ ತೆತ್ತು ಓದುವ ವಿದ್ಯಾರ್ಥಿನಿಯೊಬ್ಬಳು ನಿಂತಿದ್ದರೆ ಆ ಇಲಾಖೆಗೆ ಅಧಿಕಾರವೇ ಇರುತ್ತಿರಲಿಲ್ಲ. ಕೂಲಿ ಪಡೆಯುವವನಿಗೆ ಇರುವ ರಕ್ಷೆಯು ಶುಲ್ಕ ಕೊಡುವವನಿಗೆ ಇಲ್ಲವೆಂದರೆ ಅದು ಯಾವ ನೀತಿ? ಬೆಂಕಿಯು ಸಂಬಳದ ಪಟ್ಟಿಯನ್ನು ನೋಡಿ ಸುಡುವುದೆ?

ಕೆಲವರು ಹೇಳಬಹುದು: "ಇದೆಲ್ಲ ಕೆಲಸಮಾಡಿದವರ ಅಜಾಗರೂಕತೆ, ಸಂಸ್ಥೆಯನ್ನು ದೂರಿ ಫಲವೇನು?" ಈ ವಾದವನ್ನು ನಾವು ಒಪ್ಪಲಾರೆವು. ತಿಳಿದೂ ತಪ್ಪುವವನು ಅಜಾಗರೂಕನು. ತಿಳಿಯದೆ ತಪ್ಪುವವನಿಗೆ ತಿಳಿಸದೆ ಹೋದವರೇ ಅಜಾಗರೂಕರು. ಟೆಕ್ಸಾಸ್ ಟೆಕ್ ವಿಶ್ವವಿದ್ಯಾನಿಲಯದಲ್ಲಿ ೨೦೧೦ನೆಯ ಜನವರಿ ೭ರಂದು ಸ್ಫೋಟಕ ದ್ರವ್ಯವೊಂದನ್ನು ಅರೆಯುತ್ತಿದ್ದ ವಿದ್ಯಾರ್ಥಿಯೊಬ್ಬನು ಮೂರು ಬೆರಳುಗಳನ್ನು ಕಳೆದುಕೊಂಡನು. ೧೦೦ ಮಿಲಿಗ್ರಾಮಿಗೆ ಮೀರಿ ತಯಾರಿಸಕೂಡದೆಂಬ ಮಿತಿಯು ಅಲ್ಲಿ ಬಾಯಿಮಾತಿನಲ್ಲಿದ್ದಿತೇ ಹೊರತು ಬರಹದಲ್ಲಿರಲಿಲ್ಲ. ತಯಾರಾದುದು ಸುಮಾರು ಹತ್ತು ಗ್ರಾಮು, ಎಂದರೆ ನೂರುಮಡಿ. ಬಾಯಿಮಾತಿನ ನಿಯಮವು ನಿಯಮವಲ್ಲ, ಸಲಹೆ ಮಾತ್ರ.

ಮತ್ತೆ ಕೆಲವರು, ಇಂತಹ ಭೀತಿಯನ್ನು ಹಬ್ಬಿಸಿದರೆ ನಮ್ಮ ಹುಡುಗರು ವಿಜ್ಞಾನದಿಂದ ದೂರ ಸರಿಯುವರೆಂದು ಶಂಕಿಸುವರು. ಭಯವು ಬೇರೆ, ಎಚ್ಚರವು ಬೇರೆ. ಅಡಿಗೆಮನೆಯ ಒಲೆಯು ಅಪಾಯಕರವೆಂದು ಯಾರೂ ಉಪವಾಸವಿರುವುದಿಲ್ಲ. ಸೆರಗನ್ನು ಕಟ್ಟಿಕೊಂಡು ಅಡಿಗೆ ಮಾಡುತ್ತಾರೆ. ವಿಜ್ಞಾನಕ್ಕೂ ಸೆರಗು ಕಟ್ಟುವ ಶಿಸ್ತು ಬೇಕೆಂಬುದೇ ನಮ್ಮ ವಾದ.

ಇದು ಪರದೇಶದ ಮಾತೆಂದು ಸುಮ್ಮನಿರುವಂತೆಯೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಶಾಲೆಯೊಂದರಲ್ಲಿ ೨೦೧೮ನೆಯ ಡಿಸೆಂಬರ್ ೫ರಂದು ಸ್ಫೋಟವಾಗಿ ಸಂಶೋಧಕರೊಬ್ಬರು ಮೃತರಾದರು, ಮೂವರು ಗಾಯಗೊಂಡರು. ನಾಡಿನಲ್ಲೇ ಅಗ್ರಮಾನ್ಯವಾದ ಸಂಸ್ಥೆಯಲ್ಲಿ ಇಂತಾದರೆ, ಸಣ್ಣ ಊರಿನ ಕಾಲೇಜಿನ ಗತಿಯೇನು? ಬ್ಯೂಟೈಲ್ ಲಿಥಿಯಂ ನಮ್ಮ ಸಾಮಾನ್ಯ ಕಾಲೇಜುಗಳಿಗೆ ಬರುವುದಿಲ್ಲ, ನಿಜ. ಆದರೆ ಅದರ ದಾಯಾದಿಯಾದ ಸೋಡಿಯಂ ಲೋಹವು ಸೀಮೆಎಣ್ಣೆಯಲ್ಲಿ ಮುಳುಗಿ ಕಪಾಟಿನಲ್ಲಿ ಕುಳಿತಿರುತ್ತದೆ. ಸಾವಯವ ವಸ್ತುಗಳಲ್ಲಿ ಸಾರಜನಕ, ಗಂಧಕಗಳನ್ನು ಕಂಡುಹಿಡಿಯುವ ಲಾಸೇನ್ ಪರೀಕ್ಷೆಗೆ ಅದು ಬೇಕು. ಚಾಕುವಿನಿಂದ ಬೆಣ್ಣೆಯಂತೆ ಕೊಯ್ಯಬಹುದಾದ ಆ ಮೆತ್ತನೆಯ ಲೋಹವು ನೀರು ತಾಕಿದೊಡನೆ ಜಲಜನಕವನ್ನು ಬಿಡುಗಡೆಮಾಡಿ, ಅದೇ ಶಾಖದಿಂದ ಅದನ್ನು ಹೊತ್ತಿಸಲೂಬಲ್ಲದು. ಒದ್ದೆ ಕೈಯಿಂದ ಅದನ್ನು ಮುಟ್ಟಕೂಡದು. ಚಿಮುಟದಿಂದ ಹಿಡಿದು, ಒಣ ಸೋಸುಕಾಗದದಲ್ಲಿ ಒರಸಿ, ಕಡಲೆಕಾಳಿಗಿಂತಲೂ ಚಿಕ್ಕ ತುಣುಕನ್ನು ಮಾತ್ರ ತೆಗೆದುಕೊಳ್ಳಬೇಕು. ಉಳಿದ ಚೂರುಗಳನ್ನು ತೊಟ್ಟಿಗೋ ಕಸದ ಬುಟ್ಟಿಗೋ ಎಸೆಯದೆ, ಬಲ್ಲವರು ಸ್ವಲ್ಪಸ್ವಲ್ಪವಾಗಿ ಆಲ್ಕೊಹಾಲಿನಲ್ಲಿ ಕರಗಿಸಿ ಶಾಂತಗೊಳಿಸಬೇಕು. ಅದು ಹೊತ್ತಿಕೊಂಡರೆ ಗತಿ ಒಣ ಮರಳು. ನೀರೂ ಅಲ್ಲ, ಇಂಗಾಲಾಮ್ಲ ವಾಯುವಿನ ಆರಕವೂ ಅಲ್ಲ. ಗೋಡೆಗೆ ತೂಗುಹಾಕಿದ ಆರಕವು ಯಾವ ಬೆಂಕಿಗೆ ತಕ್ಕುದೆಂಬುದನ್ನು ಎಷ್ಟು ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿಗೆ ಓದಿ ಹೇಳಲಾಗಿದೆ?

ಆದುದರಿಂದ ವಿಶ್ವವಿದ್ಯಾನಿಲಯಗಳೂ ಕಾಲೇಜುಗಳ ಆಡಳಿತಮಂಡಲಿಗಳೂ ಸರಕಾರವೂ ಕೆಲವು ಸರಳವಾದ ಕ್ರಮಗಳನ್ನು ಕೈಕೊಳ್ಳಬೇಕು. ಒಂದು, ಅಪಾಯಕರ ದ್ರವ್ಯಗಳ ಬಳಕೆಯ ವಿಧಿಯು ಕನ್ನಡದಲ್ಲಿ ಬರಹವಾಗಿ ಗೋಡೆಯ ಮೇಲಿರಬೇಕು. ಕಲಿತವರ ಸಹಿಯು ಪುಸ್ತಕದಲ್ಲಿರಬೇಕು. ಎರಡು, ಹತ್ತಿಬಟ್ಟೆಯ ಕೋಟೂ ಕನ್ನಡಕವೂ ಇಲ್ಲದವರನ್ನು ಒಳಗೆ ಬಿಡಕೂಡದು; ಕೊಳ್ಳಲಾರದ ಬಡ ವಿದ್ಯಾರ್ಥಿಗೆ ಸಂಸ್ಥೆಯೇ ಅದನ್ನು ಒದಗಿಸತಕ್ಕದ್ದು. ಮೂರು, ಮರಳಿನ ಬಕೆಟ್ಟು, ಆರಕ, ನೀರಿನ ಸ್ನಾನಯಂತ್ರ ಇವು ನಿಯತವಾಗಿ ಪರೀಕ್ಷೆಗೊಳಗಾಗಬೇಕು. ನಾಲ್ಕು, ರಜೆಯಲ್ಲಾಗಲಿ ರಾತ್ರಿಯಲ್ಲಾಗಲಿ ಒಬ್ಬರೇ ಅಪಾಯದ ಕೆಲಸಕ್ಕೆ ಇಳಿಯಕೂಡದು. ಐದು, ತಪಾಸಣಾಧಿಕಾರಿಯು ಕಂಡ ನ್ಯೂನತೆಯು ಗೊತ್ತಾದ ದಿನದೊಳಗೆ ಸರಿಯಾಗದಿದ್ದರೆ, ಆ ಪ್ರಯೋಗಶಾಲೆಗೆ ಬೀಗ ಹಾಕಿಸುವ ಅಧಿಕಾರವು ಅವನಿಗಿರಬೇಕು. ಈ ಐದನೆಯದಿಲ್ಲದೆ ಮೊದಲಿನ ನಾಲ್ಕೂ ಕಾಗದದ ಹೂವುಗಳು.

ಇವುಗಳಿಗೆ ತಗಲುವ ವೆಚ್ಚವು ಕಟ್ಟಡವೊಂದರ ಪ್ರಾರಂಭೋತ್ಸವದ ವೆಚ್ಚಕ್ಕಿಂತ ಹೆಚ್ಚಾಗಲಾರದು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕುವ ಪದ್ಧತಿಯನ್ನು ನಾವು ಬಹುಕಾಲ ನಡೆಸಿದ್ದಾಯಿತು. ಮುಂದಿನ ವರ್ಷದ ಪ್ರವೇಶದ ಕಾಲಕ್ಕೆ ತಾಯಿತಂದೆಗಳು ಶುಲ್ಕದ ಪಟ್ಟಿಯನ್ನು ಕೇಳುವುದರ ಜೊತೆಗೆ, ಪ್ರಯೋಗಶಾಲೆಯನ್ನೊಮ್ಮೆ ತೋರಿಸಿರೆಂದು ಪ್ರಿನ್ಸಿಪಾಲರನ್ನು ವಿನಯದಿಂದಲೂ ದೃಢವಾಗಿಯೂ ಕೇಳಲಿ. ಕೇಳುವವರಿದ್ದರೆ ಮಾಡುವವರೂ ಹುಟ್ಟಿಕೊಳ್ಳುವರೆಂಬುದು ನಮ್ಮ ಸಾರ್ವಜನಿಕ ಜೀವನದ ಹಳೆಯ ಅನುಭವ.