ಎಳೆದ ಚೋಕ್, ತಪ್ಪಿದ ಬಸ್ಸು

ಮಕ್ಕಳೇ, ಇಸ್ತ್ರಿಪೆಟ್ಟಿಗೆ ಸಾಕಷ್ಟು ಕಾದ ಮೇಲೆ ‘ಟಕ್’ ಎಂದು ಸದ್ದಾಗಿ ಅದರ ದೀಪ ಆರುವುದನ್ನು ನೋಡಿದ್ದೀರಲ್ಲ? ‘ಸಾಕು’ ಎಂದು ಅದಕ್ಕೆ ಹೇಳಿದವರು ಯಾರು? ಹೋದ ವಾರ ನನ್ನ ಮೊಮ್ಮಗಳು ಈ ಪ್ರಶ್ನೆ ಕೇಳಿದಾಗ ನನಗೆ ಹಳೆಯ ಸ್ಕೂಟರು ನೆನಪಾಯಿತು. ಇಸ್ತ್ರಿಪೆಟ್ಟಿಗೆಗೂ ಸ್ಕೂಟರಿಗೂ ಏನು ನಂಟು ಅಂತೀರಾ? ಕೇಳಿ.

1980ರ ದಶಕದ ಮಾತು. ಹಾಸನ ಜಿಲ್ಲೆಯ ಒಂದು ಊರಿನ ಬ್ಯಾಂಕಿನಲ್ಲಿ ನಾನು ಕ್ಯಾಷ್ ಕೌಂಟರಿನಲ್ಲಿದ್ದೆ. ತಿಜೋರಿಗೆ ಎರಡು ಕೀಲಿಕೈ. ಒಂದು ಮೇಲಧಿಕಾರಿಯ ಬಳಿ, ಇನ್ನೊಂದು ನನ್ನ ಬಳಿ. ಎರಡೂ ಕೂಡದೆ ಬಾಗಿಲು ತೆರೆಯದು. ಡಿಸೆಂಬರಿನ ಚಳಿ, ಪಿಂಚಣಿ ಕೊಡುವ ದಿನ ಬೇರೆ. ಮನೆ ಮುಂದೆ ನನ್ನ ಚೇತಕ್ ಸ್ಕೂಟರು ಎಷ್ಟು ಒದ್ದರೂ ಏಳಲೊಲ್ಲದು. ಪಕ್ಕಕ್ಕೆ ವಾಲಿಸಿದೆ, ಚೋಕ್ ಎಳೆದೆ, ಮತ್ತೆ ಒದ್ದೆ. ಶುರುವಾಯಿತು. ಆತುರದಲ್ಲಿ ಚೋಕನ್ನು ವಾಪಸ್ ತಳ್ಳುವುದನ್ನು ಮರೆತು ಹೊರಟೇಬಿಟ್ಟೆ.

ಮೂರು ಕಿಲೋಮೀಟರು ಹೋಗುವಷ್ಟರಲ್ಲಿ ಗೊರ ಗೊರ ಎಂದು ಹೊಗೆಯುಗುಳಿ ಸ್ಕೂಟರು ನಿಂತಿತು. ಪ್ಲಗ್ ಬಿಚ್ಚಿದರೆ ಕರ್ರಗೆ, ಪೆಟ್ರೋಲಿನಲ್ಲಿ ಮಿಂದಂತೆ ಒದ್ದೆ. ಒರೆಸಿ ಹಾಕಿದರೂ ಏಳಲಿಲ್ಲ. ತಳ್ಳಿಕೊಂಡು ಬ್ಯಾಂಕು ಸೇರುವಾಗ ಗಂಟೆ ಹತ್ತೂಮುಕ್ಕಾಲು. ಸಾಲಿನ ಮೊದಲಲ್ಲಿದ್ದ ಅಜ್ಜಿ ಬೈಯಲಿಲ್ಲ. “ಔಷಧಿ ತಗೊಂಡು ಹತ್ತೂವರೆ ಬಸ್ಸಿಗೆ ಹೋಗಬೇಕಿತ್ತು ಕಣಪ್ಪಾ. ಇನ್ನು ಮಧ್ಯಾಹ್ನಕ್ಕೇ ಬಸ್ಸು” ಎಂದಷ್ಟೇ ಹೇಳಿದರು. ಬೈದಿದ್ದರೇ ಚೆನ್ನಾಗಿತ್ತು.

ಈ ಚೋಕ್ ಮಾಡುವ ಕೆಲಸವೇನು? ಎಂಜಿನ್ನಿಗೆ ಬೇಕಾದ ಗಾಳಿ ಮತ್ತು ಪೆಟ್ರೋಲನ್ನು ಬೆರೆಸಿ ಕೊಡುವುದು ಕಾರ್ಬುರೇಟರ್. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಆದರೆ ಎಂಜಿನ್ ತಣ್ಣಗಿರುವಾಗ ಪೆಟ್ರೋಲು ಸರಿಯಾಗಿ ಆವಿಯಾಗದು; ಹನಿಗಳಾಗಿ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಹೆಚ್ಚು ಪೆಟ್ರೋಲು ಕೊಡಬೇಕು. ಚೋಕ್ ಗಾಳಿಯ ದಾರಿಯನ್ನು ಮುಚ್ಚಿ ಆ ಕೆಲಸ ಮಾಡಿಸುತ್ತದೆ. ನಮ್ಮ ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ, ಹೊಸ ಅಂಗಡಿಗೆ ಕೊಡುವ ಆರಂಭದ ಸಾಲದ ಹಾಗೆ. ವ್ಯಾಪಾರ ಕುದುರಿದ ಮೇಲೂ ಸಾಲ ಸುರಿಯುತ್ತಲೇ ಇದ್ದರೆ ಅಂಗಡಿ ಮುಳುಗುತ್ತದೆ. ನನ್ನ ಸ್ಕೂಟರು ಮುಳುಗಿದ್ದು ಹಾಗೆಯೇ.

ನಿವೃತ್ತಿಯಾದ ಮೇಲೆ ಅಮೆರಿಕದ ಮಿಚಿಗನ್‌ನಲ್ಲಿರುವ ಮಗನ ಮನೆಗೆ ಹೋಗಿದ್ದೆ. ಪಕ್ಕದ ಮನೆಯ ಹಿರಿಯರೊಬ್ಬರ ಹಳೆಯ ಶೆವರ್ಲೆ ಕಾರಿನಲ್ಲಿ ಎಳೆಯುವ ಚೋಕೇ ಇರಲಿಲ್ಲ! “ತಾನೇ ಮುಚ್ಚುತ್ತೆ, ತಾನೇ ತೆರೆಯುತ್ತೆ” ಎಂದು ನಕ್ಕರು. ಅದೇ ರಾಜ್ಯದಲ್ಲಿ ತಯಾರಾಗುತ್ತಿದ್ದ ಓಲ್ಡ್ಸ್‌ಮೊಬೈಲ್ ಕಾರಿಗೆ 1932ರಲ್ಲೇ ಈ ಸ್ವಯಂಚಾಲಿತ ಚೋಕ್ ಬಂದಿತ್ತಂತೆ.

ಅವರು ಬಾನೆಟ್ ಎತ್ತಿ, ಗಾಳಿ ಸೋಸುವ ಡಬ್ಬ ತೆಗೆದು ತೋರಿಸಿದರು. ಕಾರ್ಬುರೇಟರಿನ ಬಾಯಲ್ಲಿ ಒಂದು ತಗಡಿನ ಬಾಗಿಲು. ಪಕ್ಕದಲ್ಲಿ ದುಂಡನೆಯ ಕಪ್ಪು ಮುಚ್ಚಳ, ಅದರೊಳಗೆ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿದ ಪಟ್ಟಿ. ಗುಟ್ಟು ಇರುವುದು ಆ ಪಟ್ಟಿಯಲ್ಲಿ! ಅದು ಬೆಸೆದ ಎರಡು ಲೋಹಗಳದು. ಬಿಸಿಯಾದಾಗ ಒಂದು ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಆದ್ದರಿಂದ ಪಟ್ಟಿ ಬಾಗುತ್ತದೆ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಹ್ಯಾರಿಸನ್ ತಮ್ಮ ಗಡಿಯಾರಕ್ಕೆ ಬಳಸಿದ ಉಪಾಯವಿದು. ತಣ್ಣಗಿದ್ದಾಗ ಸುರುಳಿ ಬಾಗಿಲನ್ನು ಮುಚ್ಚಿ ಹಿಡಿಯುತ್ತದೆ. ಎಂಜಿನ್ನಿನ ಬಿಸಿ ತಾಗಿದಂತೆ ಹಿಡಿತ ಸಡಿಲಿಸುತ್ತದೆ. ಕೆಲವು ಕಾರುಗಳಲ್ಲಿ ಈ ಬಿಸಿಯನ್ನು ವಿದ್ಯುತ್ತೇ ಕೊಡುತ್ತದೆ.

ಅವರ ಕಾರು ಬೆಳಗ್ಗೆ ಶುರುವಾದ ಸ್ವಲ್ಪ ಹೊತ್ತಿಗೇ ನಿಂತುಬಿಡುತ್ತಿತ್ತು. ಬಾಗಿಲು ಬೇಗ ತೆರೆಯುತ್ತಿದೆ ಎಂದರ್ಥ. ತಡವಾಗಿ ತೆರೆದರೆ ಕಪ್ಪು ಹೊಗೆ ಬರುತ್ತದೆ. ರಾತ್ರಿಯಿಡೀ ನಿಂತು ತಣ್ಣಗಾದ ಕಾರನ್ನು ಅವರು ಬಯಲಿನಲ್ಲೇ ರಿಪೇರಿಗೆ ತೆಗೆದುಕೊಂಡರು. ಮುಚ್ಚಿದ ಶೆಡ್ಡಿನಲ್ಲಿ ಹೊಗೆ ಪ್ರಾಣಕ್ಕೇ ಅಪಾಯ. ಮೊದಲು ಬಾಗಿಲಿನ ಕೀಲಿನ ಜಿಡ್ಡು ತೊಳೆದರು. “ಕೊಳೆ ತೆಗೆಯದೆ ತಿರುಪು ಮುಟ್ಟಬಾರದು” ಎಂದರು. ಆಮೇಲೆ ಮುಚ್ಚಳದ ಮೂರು ತಿರುಪು ಸಡಿಲಿಸಿ, ಅಂಚಿನ ಗೆರೆಗಳನ್ನು ನೋಡುತ್ತಾ ಪೆಟ್ರೋಲು ಹೆಚ್ಚಿಸುವ ಕಡೆಗೆ ಒಂದೇ ಒಂದು ಗೆರೆ ತಿರುಗಿಸಿ ಬಿಗಿ ಮಾಡಿದರು. ಒಂದು ಸಲ ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ಬಾಗಿಲು ಮುಚ್ಚಿತು. ಎಂಜಿನ್ ಶುರುವಾಗಿ, ಬಿಸಿಯೇರಿದಂತೆ ಮೆಲ್ಲಮೆಲ್ಲನೆ ತೆರೆದು, ಕೊನೆಗೆ ಪೂರ್ತಿ ನೆಟ್ಟಗೆ ನಿಂತಿತು. ಕಾರೂ ನಿಲ್ಲಲಿಲ್ಲ. ನಾನು ಮಗುವಿನಂತೆ ಬಗ್ಗಿ ನೋಡುತ್ತಿದ್ದೆ. ಇಂಥದೊಂದು ಸುರುಳಿ ಅವತ್ತು ನನ್ನ ಸ್ಕೂಟರಿಗಿದ್ದಿದ್ದರೆ ಆ ಅಜ್ಜಿಗೆ ಬಸ್ಸು ಸಿಗುತ್ತಿತ್ತಲ್ಲಾ ಎನಿಸಿತು.

ಈಗಿನ ಹೊಸ ವಾಹನಗಳಲ್ಲಿ ಪೆಟ್ರೋಲಿನ ಲೆಕ್ಕವನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಆದರೆ ಎರಡು ಲೋಹದ ಪಟ್ಟಿ ಎಲ್ಲೂ ಹೋಗಿಲ್ಲ. ಮೊಮ್ಮಗಳ ಪ್ರಶ್ನೆಗೆ ಉತ್ತರ ಅದೇ: ಅನೇಕ ಇಸ್ತ್ರಿಪೆಟ್ಟಿಗೆಗಳಲ್ಲಿ ‘ಸಾಕು’ ಎನ್ನುವುದು ಬಿಸಿಗೆ ಬಾಗುವ ಅಂಥದೇ ಪಟ್ಟಿ.

ಉತ್ತರ ಕೇಳಿ ಅವಳು, “ತಾತಾ, ಅವತ್ತು ಆ ಅಜ್ಜಿ ಮನೆಗೆ ಹೇಗೆ ಹೋದರು?” ಎಂದಳು. ನಾನೇ ಓಡಿ ಔಷಧಿ ತಂದುಕೊಟ್ಟೆ, ನನ್ನ ಊಟದ ಡಬ್ಬಿ ಕೊಟ್ಟೆ. ಮಧ್ಯಾಹ್ನದ ಬಸ್ಸು ಬರುವವರೆಗೂ ಅವರು ಬ್ಯಾಂಕಿನ ಬೆಂಚಿನ ಮೇಲೆ ಕೂತಿದ್ದರು. ಅಂದಿನಿಂದ ಸ್ಕೂಟರು ಮಾರುವವರೆಗೂ, ಬೀದಿಯ ತಿರುವಿನಲ್ಲಿ ನನ್ನ ಕೈ ತಾನಾಗಿಯೇ ಚೋಕಿನ ಕಡೆ ಹೋಗುತ್ತಿತ್ತು.