ನವೋದ್ಯಮಕ್ಕೂ ಬೇಕು ಒಂದು ಕಡತ

ನವೋದ್ಯಮ ಆರಂಭಿಸುವ ಯುವಜನರ ದೃಷ್ಟಿಯಲ್ಲಿ ಸರ್ಕಾರಿ ಕಡತವೆಂದರೆ ವಿಳಂಬದ ಮತ್ತೊಂದು ಹೆಸರು. ಈ ಅಭಿಪ್ರಾಯ ನಿರಾಧಾರವಾದುದೇನಲ್ಲ. ಕುರ್ಚಿಯ ಖರೀದಿಗೂ ಸೇತುವೆಯ ನಿರ್ಮಾಣಕ್ಕೂ ಒಂದೇ ಪ್ರಮಾಣದ ಎಚ್ಚರಿಕೆ ವಹಿಸುವುದು ನಮ್ಮ ಆಡಳಿತಯಂತ್ರದ ಹಳೆಯ ರೋಗ. ಆದರೆ ಎಳೆಯ ತಂತ್ರಜ್ಞಾನ ಕಂಪನಿಗಳನ್ನು ಕಾಡುವ ರೋಗ ಇದಕ್ಕೆ ತದ್ವಿರುದ್ಧವಾದುದು. ಅಲ್ಲಿ ಸೇತುವೆಯನ್ನೂ ಕುರ್ಚಿಯಷ್ಟೇ ಸಲೀಸಾಗಿ ತೀರ್ಮಾನಿಸಲಾಗುತ್ತದೆ.

ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲಿಯೇ ಅಪಾಯ ಮತ್ತು ಅನಿಶ್ಚಿತತೆಗಳ ನಡುವೆ ಗೆರೆ ಎಳೆದಿದ್ದರು. ಸಂಭವನೀಯತೆಯನ್ನು ಲೆಕ್ಕ ಹಾಕಲು ಸಾಧ್ಯವಿರುವುದು ಅಪಾಯ. ಲೆಕ್ಕಕ್ಕೇ ಸಿಗದಿರುವುದು ಅನಿಶ್ಚಿತತೆ. ಉದ್ಯಮಿಯ ಲಾಭ ಹುಟ್ಟುವುದು ಈ ಎರಡನೆಯದನ್ನು ಹೊರುವುದರಿಂದ ಎಂಬುದು ಅವರ ವಾದ. 1978ರಲ್ಲಿ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ ಇನ್ನೊಂದು ಸತ್ಯವನ್ನು ಮುಂದಿಟ್ಟರು. ಮನುಷ್ಯನ ವಿವೇಚನೆಗೆ ಮಿತಿಯಿದೆ. ಆದ್ದರಿಂದ ಆತ ಅತ್ಯುತ್ತಮವಾದುದನ್ನು ಅರಸುತ್ತ ಕೂರದೆ, ಸಾಕೆನಿಸುವಷ್ಟು ಉತ್ತಮವಾದುದನ್ನು ಆರಿಸಿಕೊಳ್ಳುತ್ತಾನೆ. ಹತ್ತಾರು ಗ್ರಾಹಕರು ಹಾಗೂ ಕೆಲವೇ ತಿಂಗಳಿಗೆ ಸಾಲುವ ಹಣವನ್ನು ಇಟ್ಟುಕೊಂಡು ದುಡಿಯುವ ನವೋದ್ಯಮದ ತಂತ್ರಜ್ಞಾನ ಮುಖ್ಯಸ್ಥನ ಸ್ಥಿತಿ ನಿಖರವಾಗಿ ಇದೇ. ಪೂರ್ಣ ಮಾಹಿತಿಗಾಗಿ ಕಾಯುವ ಐಷಾರಾಮ ಅವನಿಗಿಲ್ಲ.

ಹಾಗಾದರೆ ಎಲ್ಲಿ ವೇಗ, ಎಲ್ಲಿ ಎಚ್ಚರ? ಅಮೆಜಾನ್ ಸಂಸ್ಥಾಪಕ ಜೆಫ್ ಬೆಜೋಸ್, 2015ನೇ ಸಾಲಿನ ಷೇರುದಾರರ ಪತ್ರದಲ್ಲಿ ನಿರ್ಧಾರಗಳನ್ನು ಎರಡಾಗಿ ವಿಂಗಡಿಸಿದರು. ದಾಟಿದ ಮೇಲೆ ಮರಳಲಾಗದ ಬಾಗಿಲು ಒಂದು. ಒಳಹೊಕ್ಕು ನೋಡಿ ಹಿಂದಿರುಗಬಹುದಾದ ಬಾಗಿಲು ಇನ್ನೊಂದು. ಮೊದಲನೆಯದಕ್ಕೆ ವಿಸ್ತೃತ ಸಮಾಲೋಚನೆ ಬೇಕು; ಎರಡನೆಯದನ್ನು ಸಣ್ಣ ತಂಡವೇ ಬೇಗನೆ ತೀರ್ಮಾನಿಸಬಹುದು. ಬಯಸಿದ ಮಾಹಿತಿಯಲ್ಲಿ ಸುಮಾರು ಶೇ 70ರಷ್ಟು ದೊರೆತಾಗ ನಿರ್ಧರಿಸಬೇಕೆಂದು ಮರುವರ್ಷದ ಪತ್ರದಲ್ಲಿ ಅವರು ಸೇರಿಸಿದರು.

ಈ ಸೂತ್ರವನ್ನು ಕಣ್ಣುಮುಚ್ಚಿ ಅನುಸರಿಸುವಂತಿಲ್ಲ. ಬೆಂಗಳೂರಿನ ಮಿಂತ್ರಾ 2015ರ ಮೇ ತಿಂಗಳಲ್ಲಿ ತನ್ನ ಜಾಲತಾಣವನ್ನು ಮುಚ್ಚಿ, ಮೊಬೈಲ್ ಆ್ಯಪ್ ಮೂಲಕ ಮಾತ್ರ ವ್ಯಾಪಾರ ನಡೆಸಲು ಹೊರಟಿತು. 2016ರ ಜೂನ್‌ನಲ್ಲಿ ಜಾಲತಾಣವನ್ನು ಪುನಃ ತೆರೆಯಿತು. ಬಾಗಿಲು ಎರಡೂ ಕಡೆಗೆ ತೆರೆಯುವಂಥದ್ದೇ ಆಗಿತ್ತು. ಆದರೆ ಮಿಂತ್ರಾ ಆ ವೇಳೆಗೆ ಎಳೆಯ ಸಂಸ್ಥೆಯಾಗಿರಲಿಲ್ಲ. 2014ರಲ್ಲಿ ಅದನ್ನು ಕೊಂಡಿದ್ದ ಫ್ಲಿಪ್‌ಕಾರ್ಟ್‌ನ ಬೆಂಬಲ ಅದಕ್ಕಿತ್ತು. ಆರು ತಿಂಗಳ ಸಂಬಳಕ್ಕಷ್ಟೇ ಹಣವಿರುವ ಕಂಪನಿ ಇದೇ ಪ್ರಯೋಗ ಮಾಡಿದ್ದರೆ ಮರಳಿ ಬರುವ ಮೊದಲೇ ಖಜಾನೆ ಬರಿದಾಗುತ್ತಿತ್ತು. ನಿರ್ಧಾರವೊಂದನ್ನು ಹಿಂದೆಗೆಯಬಹುದೇ ಎಂಬುದನ್ನು ತಂತ್ರಜ್ಞಾನದಷ್ಟೇ ಕೈಯಲ್ಲಿರುವ ಹಣವೂ ನಿರ್ಧರಿಸುತ್ತದೆ.

ಪರದೆಯ ಮೇಲಿನ ವಿನ್ಯಾಸವನ್ನು ನಾಳೆಯೇ ಬದಲಿಸಬಹುದು. ಗ್ರಾಹಕರ ಯಾವ ವಿವರ ಸಂಗ್ರಹಿಸಬೇಕು, ಅದನ್ನು ಹೇಗೆ ಕಾಪಾಡಬೇಕು, ಬರೆದ ತಂತ್ರಾಂಶದ ಒಡೆತನ ಯಾರದು ಎಂಬ ಪ್ರಶ್ನೆಗಳು ಹಾಗಲ್ಲ. ಒಮ್ಮೆ ಸೋರಿಹೋದ ಮಾಹಿತಿಯನ್ನು ಮರಳಿ ತುಂಬಿಕೊಳ್ಳಲಾಗದು. ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಸೂಕ್ತ ಭದ್ರತೆ ಒದಗಿಸದ ಸಂಸ್ಥೆಗೆ ₹250 ಕೋಟಿವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿದೆ. ಗ್ರಾಹಕನಿಗಾಗುವ ನಷ್ಟವನ್ನು ಮಾತ್ರ ಯಾವ ದಂಡವೂ ತುಂಬಿಕೊಡಲಾರದು.

ಇಲ್ಲಿಯೇ ಹಳೆಯ ಕಡತದ ಒಂದು ಗುಣ ನೆನಪಾಗಬೇಕು. ಕಡತದಲ್ಲಿ ಪ್ರಸ್ತಾವ ಇರುತ್ತದೆ, ಪರ್ಯಾಯಗಳಿರುತ್ತವೆ, ಕಿರಿಯ ಅಧಿಕಾರಿಯ ಭಿನ್ನಾಭಿಪ್ರಾಯವೂ ಸಹಿ, ದಿನಾಂಕಗಳೊಡನೆ ಉಳಿದಿರುತ್ತದೆ. ಹತ್ತು ವರ್ಷಗಳ ಬಳಿಕವೂ ‘ಹೀಗೇಕೆ ಮಾಡಿದಿರಿ?’ ಎಂದು ಕೇಳಿದವರಿಗೆ ಉತ್ತರ ದೊರೆಯುತ್ತದೆ. ನವೋದ್ಯಮಗಳಲ್ಲಿ ಈ ಉತ್ತರ ಒಬ್ಬಿಬ್ಬರ ತಲೆಯಲ್ಲಷ್ಟೇ ಇರುತ್ತದೆ. ಅವರು ಕೆಲಸ ಬಿಟ್ಟ ದಿನ ಅದೂ ಹೊರಟುಹೋಗುತ್ತದೆ. ಮರಳಲಾಗದ ಪ್ರತಿಯೊಂದು ನಿರ್ಧಾರಕ್ಕೂ ಒಂದೇ ಪುಟದ ಟಿಪ್ಪಣಿ ಸಾಕು: ಏನು ತೀರ್ಮಾನಿಸಿದೆವು, ಬೇರೆ ಯಾವ ದಾರಿಗಳಿದ್ದವು, ಯಾರು ಒಪ್ಪಲಿಲ್ಲ, ಯಾವಾಗ ಮರುಪರಿಶೀಲಿಸುತ್ತೇವೆ. ಉಳಿದ ನಿರ್ಧಾರಗಳನ್ನು ತಂಡದ ಕಿರಿಯರಿಗೇ ಬಿಟ್ಟುಕೊಡುವುದು ಲೇಸು. ಎಲ್ಲವನ್ನೂ ತಾನೇ ತೀರ್ಮಾನಿಸುವ ಮುಖ್ಯಸ್ಥ ತನ್ನದೇ ಕಂಪನಿಯಲ್ಲಿ ಸಚಿವಾಲಯವೊಂದನ್ನು ಸೃಷ್ಟಿಸಿಕೊಂಡಿರುತ್ತಾನೆ.

ಇದು ಖಾಸಗಿ ಕಂಪನಿಗಳ ಆಂತರಿಕ ವಿಷಯವೆಂದು ಕೈತೊಳೆದುಕೊಳ್ಳುವಂತಿಲ್ಲ. ಕರ್ನಾಟಕ ಸರ್ಕಾರ 2015ರಲ್ಲಿ ನವೋದ್ಯಮ ನೀತಿಯನ್ನು ಪ್ರಕಟಿಸಿತು; ಕೇಂದ್ರದ ‘ಸ್ಟಾರ್ಟ್‌ಅಪ್ ಇಂಡಿಯಾ’ 2016ರ ಜನವರಿಯಲ್ಲಿ ಆರಂಭವಾಯಿತು. ಸಾರ್ವಜನಿಕರ ಹಣವೂ ಈ ಕ್ಷೇತ್ರಕ್ಕೆ ಹರಿದಿದೆ. ಅನುದಾನ ನೀಡುವಾಗ ವರಮಾನದ ಮುನ್ನಂದಾಜನ್ನು ಕೇಳುವ ಸರ್ಕಾರ, ಪ್ರಮುಖ ನಿರ್ಧಾರಗಳ ದಾಖಲೆ ಇದೆಯೇ ಎಂದೂ ಕೇಳಲಿ. ನವೋದ್ಯಮಗಳು ಸೋಲುವುದು ಸಹಜ, ಅದರಲ್ಲಿ ಅಪಮಾನವಿಲ್ಲ. ಆದರೆ ಏಕೆ ಸೋತೆವೆಂದು ತಿಳಿಯದೆ ಸೋತರೆ, ಮುಂದಿನವರು ಅದೇ ಹಳ್ಳಕ್ಕೆ ಮತ್ತೊಮ್ಮೆ ಬೀಳುತ್ತಾರೆ.