ಸಂಗೀತದ ಕೈಪೆಟ್ಟಿಗೆಯನ್ನು ಆರಿಸುವ ಬಗೆ

ಯಂತ್ರಗಳು ಕಿರಿದಾಗುತ್ತ ಬಂದಷ್ಟೂ ಅವುಗಳನ್ನು ಆರಿಸುವ ಕೆಲಸ ಹಿರಿದಾಗುತ್ತಿದೆ. ಸಾವಿರಾರು ಹಾಡುಗಳನ್ನು ತನ್ನೊಳಗೆ ಅಡಗಿಸಿಕೊಂಡ ಯಂತ್ರವೊಂದು ಇಂದು ಎಲ್ಲರ ಅಂಗೈಯಲ್ಲಿಯೂ ಉಂಟು. ಅದು ಹಾಡಿಗೆಂದೇ ಮಾಡಿದ ಪುಟ್ಟ ಸಂಗೀತಯಂತ್ರವಾಗಿರಬಹುದು, ಮೊಬೈಲ್ ಫೋನೇ ಆಗಿರಬಹುದು. ಆದರೆ ಅದರ ಸ್ವಂತ ಕಂಠ ಬಹಳ ಕ್ಷೀಣವಾದುದು. ಆ ಕೊರತೆಯನ್ನು ತುಂಬಲು ಹುಟ್ಟಿಕೊಂಡದ್ದೇ ಕೈಯಲ್ಲಿ ಒಯ್ಯಬಹುದಾದ ಧ್ವನಿವರ್ಧಕದ ಪೆಟ್ಟಿಗೆ, ಜನ ಸ್ಪೀಕರ್ ಎಂದು ಕರೆಯುವ ವಸ್ತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ, ನೊಣವಿನಕೆರೆಯಂತಹ ಊರುಗಳಲ್ಲಿ, ಕಾಯಿ ಸುಲಿಯುವವರ ಪಕ್ಕದಲ್ಲಿ, ಮನೆಯ ಜಗುಲಿಯ ಮೇಲೆ, ತೋಟದ ಬದುವಿನಲ್ಲಿ ಅದು ಹಾಡುತ್ತಿರುವುದನ್ನು ಈಗ ಕೇಳಬಹುದು.

ಈ ಸೀಮೆಯ ಜನಕ್ಕೆ ಶಬ್ದಪರೀಕ್ಷೆ ಹೊಸದೇನೂ ಅಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಕೈಗೆ ತೆಗೆದುಕೊಂಡು, ಕಿವಿಯ ಬಳಿ ಹಿಡಿದು ಅಲುಗಿಸಿ, ಒಳಗಿನ ನೀರು ಇಂಗಿದೆಯೇ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿದೆಯೇ ಎಂದು ಹೇಳಬಲ್ಲವರು ಇಲ್ಲಿ ಮನೆಮನೆಯಲ್ಲಿಯೂ ಇದ್ದಾರೆ. ಸೋಜಿಗವೆಂದರೆ, ಅಂತಹ ಜಾಣರೇ ಧ್ವನಿಪೆಟ್ಟಿಗೆಯನ್ನು ಕೊಳ್ಳುವಾಗ ಕಿವಿಯನ್ನು ಮನೆಯಲ್ಲಿ ಬಿಟ್ಟು ಕಣ್ಣನ್ನು ಮಾತ್ರ ಅಂಗಡಿಗೆ ಒಯ್ಯುತ್ತಾರೆ. ರಟ್ಟಿನ ಮೇಲೆ ಅಚ್ಚಾದ ವಾಟುಗಳ ಅಂಕಿಯನ್ನು ನೋಡಿ ಹಣ ಕೊಡುತ್ತಾರೆ. ಇದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಕೊಳ್ಳಬೇಕಾದುದು ಪೆಟ್ಟಿಗೆಯನ್ನು, ಅಂಕಿಯನ್ನಲ್ಲ. ಅದರ ಬೆಲೆ ಕಟ್ಟಬೇಕಾದುದು ಕಿವಿ.

ಧ್ವನಿವರ್ಧಕಕ್ಕೆ ಪೆಟ್ಟಿಗೆಯಾದರೂ ಏಕೆ ಬೇಕೆಂಬುದನ್ನು ಮೊದಲು ವಿಚಾರಿಸೋಣ. 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರೈಸ್ ಮತ್ತು ಕೆಲಾಗ್ ಎಂಬವರು ರೂಪಿಸಿದ ಕ್ರಮವೇ, ತತ್ತ್ವದಲ್ಲಿ, ಇಂದಿಗೂ ಬಳಕೆಯಲ್ಲಿದೆ. ಅಯಸ್ಕಾಂತದ ನಡುವೆ ತಂತಿಯ ಸುರುಳಿಯೊಂದು ವಿದ್ಯುತ್ತಿನ ಏರಿಳಿತಕ್ಕೆ ತಕ್ಕಂತೆ ಆಡುತ್ತದೆ. ಅದಕ್ಕಂಟಿದ ಪೊರೆ ಮುಂದಿನ ಗಾಳಿಯನ್ನು ತಳ್ಳುತ್ತದೆ. ಆದರೆ ಪೊರೆ ಮುಂದಕ್ಕೆ ಹೋದಾಗ ಮುಂದಿನ ಗಾಳಿ ಒತ್ತಡಕ್ಕೆ ಸಿಕ್ಕುವಂತೆಯೇ ಹಿಂದಿನ ಗಾಳಿ ತೆಳುವಾಗುತ್ತದೆ. ಸೆಕೆಂಡಿಗೆ 100 ಕಂಪನಗಳುಳ್ಳ ಮಂದ್ರಧ್ವನಿಯ ಅಲೆಯ ಉದ್ದ ಸುಮಾರು ಮೂರೂವರೆ ಮೀಟರು. ಅಂಗೈಯಗಲದ ಪೊರೆಯ ಅಂಚನ್ನು ಬಳಸಿ ಬರುವ ಹಿಂದಿನ ಅಲೆ ಮುಂದಿನ ಅಲೆಯನ್ನು ಬಹುಮಟ್ಟಿಗೆ ಅಳಿಸಿಬಿಡುತ್ತದೆ. ಪೆಟ್ಟಿಗೆಯ ಮೊದಲ ಕೆಲಸ ಈ ಹಿಂದಿನ ಅಲೆಯನ್ನು ಸೆರೆಹಿಡಿಯುವುದು. ಆದಕಾರಣ ಅದು ಅಲಂಕಾರದ ಹೊದಿಕೆಯಲ್ಲ, ವಾದ್ಯದ ಅಂಗ. ವೀಣೆಗೆ ಹಲಸಿನ ಮರದ ಕೊಡ, ತಂಬೂರಿಗೆ ಸೋರೆಯ ಬುರುಡೆ ಹೇಗೋ, ಧ್ವನಿವರ್ಧಕಕ್ಕೆ ಪೆಟ್ಟಿಗೆ ಹಾಗೆ.

ಹಿತ್ತಾಳೆಯ ಚೊಂಬಿನಲ್ಲಿ ಫೋನನ್ನಿರಿಸಿ ಹಾಡು ಕೇಳುವವರುಂಟು. ಚೊಂಬು ಶಕ್ತಿಯನ್ನು ಸೃಷ್ಟಿಸುವುದಿಲ್ಲ. ಶಬ್ದವನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ; ತನ್ನ ಹೊಟ್ಟೆಯ ಗಾತ್ರಕ್ಕೂ ಬಾಯಿಯ ಅಗಲಕ್ಕೂ ಹೊಂದುವ ಕೆಲವು ಸ್ವರಗಳನ್ನು ಅನುನಾದದಿಂದ ಹಿಗ್ಗಿಸುತ್ತದೆ. ಆದುದರಿಂದಲೇ ಚೊಂಬಿನೊಳಗೆ ಯಾರು ಹಾಡಿದರೂ ಚೊಂಬೇ ಹಾಡಿದಂತೆ ಕೇಳಿಸುತ್ತದೆ. ಕೀಳಾದ ಪೆಟ್ಟಿಗೆಯ ಲಕ್ಷಣವೂ ಇದೇ. ತೆಳುವಾದ ಪ್ಲಾಸ್ಟಿಕ್ ಗೋಡೆಗಳು ಹಾಡಿನೊಡನೆ ತಾವೂ ನಡುಗಿ, ಗಾಯಕನ ಕಂಠಕ್ಕೆ ತಮ್ಮ ಕಂಠವನ್ನು ಸೇರಿಸುತ್ತವೆ. ಒಳ್ಳೆಯ ಪೆಟ್ಟಿಗೆಯನ್ನು ಬೆರಳಿನಿಂದ ಕುಟ್ಟಿದರೆ ಸದ್ದು ಮೊಟಕಾಗಿ ಬರಬೇಕು, ಡಬ್ಬಿಯಂತೆ ಮೊಳಗಬಾರದು.

ಎರಡನೆಯ ವಿಚಾರ ಗಾತ್ರದ್ದು. ಸ್ವರ ಇಳಿದಷ್ಟೂ ಅದನ್ನು ಅಷ್ಟೇ ಬಲವಾಗಿ ಕೇಳಿಸಲು ಹೆಚ್ಚು ಗಾಳಿಯನ್ನು ಅಲುಗಿಸಬೇಕು. ಕಂಪನಸಂಖ್ಯೆ ಅರ್ಧಕ್ಕಿಳಿದರೆ ಪೊರೆಯ ಚಲನೆ ನಾಲ್ಕು ಪಟ್ಟಾಗಬೇಕೆಂಬುದು ಲೆಕ್ಕ. 200 ಕಂಪನಗಳ ಸ್ವರಕ್ಕೆ ಒಂದು ಮಿಲಿಮೀಟರು ಆಡಿದರೆ ಸಾಕಾದ ಪೊರೆ, 100 ಕಂಪನಗಳ ಸ್ವರಕ್ಕೆ 4 ಮಿಲಿಮೀಟರು, 50 ಕಂಪನಗಳ ಸ್ವರಕ್ಕೆ 16 ಮಿಲಿಮೀಟರು ಆಡಬೇಕಾಗುತ್ತದೆ. ಮುಷ್ಟಿಯಷ್ಟು ದೊಡ್ಡ ಪೆಟ್ಟಿಗೆಯೊಳಗಿನ ಪೊರೆಗೆ ಇದು ಆಗದ ಮಾತು. ಬೆಲ್ ಪ್ರಯೋಗಾಲಯದ ತುರಾಸ್ 1932ರಲ್ಲಿ ಪೇಟೆಂಟ್ ಪಡೆದ ಉಪಾಯದಂತೆ ಪೆಟ್ಟಿಗೆಗೆ ಲೆಕ್ಕಾಚಾರದ ರಂಧ್ರವಿಟ್ಟು, ಒಳಗೆ ಸೆರೆಯಾದ ಅಲೆಯನ್ನೇ ತಿರುಗಿಸಿ ಮಂದ್ರಕ್ಕೆ ನೆರವಾಗುವಂತೆ ಮಾಡಬಹುದು. ರಂಧ್ರಕ್ಕೆ ಬದಲಾಗಿ ಸುರುಳಿಯಿಲ್ಲದ ಇನ್ನೊಂದು ಪೊರೆಯನ್ನು ಕೂರಿಸುವ ಪದ್ಧತಿ ಈಗಿನ ಕೈಪೆಟ್ಟಿಗೆಗಳಲ್ಲಿ ಸಾಮಾನ್ಯ. ಇವೆರಡೂ ಒಳ್ಳೆಯ ಉಪಾಯಗಳೇ. ಆದರೂ ಚಿಕ್ಕದು ಚಿಕ್ಕದೇ.

ಹಾಗಿದ್ದರೆ ಪುಟ್ಟ ಪೆಟ್ಟಿಗೆಯಲ್ಲಿ ಮೃದಂಗದ ಎಡದ ಮುಖ ಕೇಳಿಸುವುದು ಹೇಗೆಂದು ವಾಚಕರು ಕೇಳಬಹುದು. ಅದು ನಮ್ಮ ಶ್ರವಣೇಂದ್ರಿಯದ ಔದಾರ್ಯ. ಮೂಲಸ್ವರ ಇಲ್ಲದಿದ್ದರೂ ಅದರ ಎರಡು, ಮೂರು, ನಾಲ್ಕು ಪಟ್ಟಿನ ಉಪಸ್ವರಗಳು ಕಿವಿಗೆ ಬಿದ್ದರೆ ಮಿದುಳು ಮೂಲವನ್ನು ತಾನೇ ಊಹಿಸಿಕೊಳ್ಳುತ್ತದೆ. ಆದರೆ ಊಹೆಗೂ ಮಿತಿಯುಂಟು. ಮೃದಂಗ, ತಬಲಗಳ ಬಲಮುಖದ ಕರಣೆಯು ಚರ್ಮದ ಉಪಸ್ವರಗಳನ್ನು ತಂತಿವಾದ್ಯದವುಗಳಂತೆ ಕ್ರಮಬದ್ಧವಾಗಿ ಜೋಡಿಸುತ್ತದೆಂದು ಸರ್ ಸಿ. ವಿ. ರಾಮನ್ನರು 1920ರಲ್ಲಿ ತಮ್ಮ ಸಹೋದ್ಯೋಗಿಯೊಡನೆ ಪ್ರಕಟಿಸಿದರು. 1934ರಲ್ಲಿ, ಬೆಂಗಳೂರಿಗೆ ಬಂದ ಮೇಲೆ, ಅದನ್ನೇ ವಿಸ್ತರಿಸಿ ಬರೆದರು. ಅಷ್ಟು ಸೂಕ್ಷ್ಮವಾಗಿ ಕಟ್ಟಿದ ನಾದವನ್ನು ಬರಿಯ ತಗಡಿನ ಟಪಟಪವಾಗಿ ಇಳಿಸುವ ಪೆಟ್ಟಿಗೆ, ಎಷ್ಟು ಗಟ್ಟಿಯಾಗಿ ಕೂಗಿದರೇನು ಫಲ?

ಈಗ ವಾಟುಗಳ ವಿಚಾರಕ್ಕೆ ಬರೋಣ. ಅಂಗಡಿಯವರು ತೋರಿಸುವ ಪೆಟ್ಟಿಗೆಯ ಮೇಲೆ 40 ವಾಟ್ ಎಂದೂ, ವಿದ್ಯುತ್ಕೋಶ 2000 ಮಿಲಿ ಆಂಪೇರ್-ಗಂಟೆಯೆಂದೂ, ಹತ್ತು ಗಂಟೆ ಹಾಡುವುದೆಂದೂ ಬರೆದಿದೆಯೆಂದು ಭಾವಿಸೋಣ. ಇಂತಹ ಕೋಶದ ವಿದ್ಯುದೊತ್ತಡ ಸಾಮಾನ್ಯವಾಗಿ 3.7 ವೋಲ್ಟ್. ಎರಡು ಆಂಪೇರ್-ಗಂಟೆಯನ್ನು 3.7ರಿಂದ ಗುಣಿಸಿದರೆ 7.4 ವಾಟ್-ಗಂಟೆ. ಕೋಶದಲ್ಲಿರುವ ಒಟ್ಟು ಬಂಡವಾಳ ಇಷ್ಟೇ. ಪೆಟ್ಟಿಗೆ ನಿಜವಾಗಿಯೂ ಎಡೆಬಿಡದೆ 40 ವಾಟುಗಳನ್ನು ವೆಚ್ಚಮಾಡಿದರೆ ಈ ಬಂಡವಾಳ ಸುಮಾರು 11 ನಿಮಿಷಗಳಲ್ಲಿ ಮುಗಿಯುತ್ತದೆ. ಹತ್ತು ಗಂಟೆ ಬಾಳಬೇಕಾದರೆ ಸರಾಸರಿ ವೆಚ್ಚ ಮುಕ್ಕಾಲು ವಾಟನ್ನು ಮೀರುವಂತಿಲ್ಲ. ಶಕ್ತಿನಿತ್ಯತೆಯ ನಿಯಮಕ್ಕೆ ಯಾವ ವ್ಯಾಪಾರಿಯ ಸಲುವಾಗಿಯೂ ವಿನಾಯಿತಿಯಿಲ್ಲ.

ನ್ಯಾಯವಾಗಿ ಹೇಳುವುದಾದರೆ, ಸಂಗೀತ ಏರಿಳಿಯುವಂಥದು. ಕ್ಷಣಮಾತ್ರ ಹೆಚ್ಚು ಶಕ್ತಿಯನ್ನು ಕೇಳಿ ಮರುಕ್ಷಣ ಸುಮ್ಮನಾಗುತ್ತದೆ. ಆದಕಾರಣ ದೊಡ್ಡ ಅಂಕಿ ಪೂರ್ತಿ ಸುಳ್ಳೇ ಆಗಿರಬೇಕೆಂದಿಲ್ಲ. ಆದರೆ ಎರಡು ಬೇರೆ ಬೇರೆ ಸಂದರ್ಭಗಳ ಅಂಕಿಗಳನ್ನು ಒಂದೇ ರಟ್ಟಿನ ಮೇಲೆ ಅಕ್ಕಪಕ್ಕದಲ್ಲಿ ಅಚ್ಚುಹಾಕಿದಾಗ ಕೊಳ್ಳುವವನು ಎರಡೂ ಒಟ್ಟಿಗೆ ದೊರೆಯುವುವೆಂದು ನಂಬುತ್ತಾನೆ. ಪಿ.ಎಂ.ಪಿ.ಓ. ಎಂಬ ಅಕ್ಷರಗಳೊಡನೆ ನೂರಾರು ವಾಟುಗಳನ್ನು ಸಾರುವ ಪೆಟ್ಟಿಗೆಗಳ ಮಾತಂತೂ ಹೇಳುವಂತಿಲ್ಲ, ಕೇಳಬೇಕಾದುದು ಆರ್.ಎಂ.ಎಸ್. ಎಂಬ ಅಳತೆಯನ್ನು. ಅದಲ್ಲದೆ, ವಾಟು ಇಮ್ಮಡಿಯಾದರೆ ಶಬ್ದ ಏರುವುದು ಮೂರೇ ಡೆಸಿಬೆಲ್. ಕಿವಿಗೆ ಶಬ್ದ ಇಮ್ಮಡಿಯೆನಿಸಲು ವಾಟು ಹತ್ತು ಪಟ್ಟಾಗಬೇಕು. ಇಂತಹ ಪುಟ್ಟ ಧ್ವನಿವರ್ಧಕಗಳು ತಾವು ಪಡೆದ ಶಕ್ತಿಯಲ್ಲಿ ನೂರಕ್ಕೆ ಒಂದು ಪಾಲನ್ನು ಶಬ್ದವಾಗಿಸಿದರೆ ಹೆಚ್ಚು. ಮಿಕ್ಕದ್ದೆಲ್ಲ ಬಿಸಿಯಾಗಿ ಹೋಗುತ್ತದೆ. ಐದು ವಾಟಿನ ಒಳ್ಳೆಯ ಪೆಟ್ಟಿಗೆ ಹತ್ತು ವಾಟಿನ ಕೆಟ್ಟ ಪೆಟ್ಟಿಗೆಯನ್ನು ಸೋಲಿಸುವುದು ಹೀಗೆ.

ತೋಟದಲ್ಲಿ ಕೇಳುವವರಿಗೆ ಜೋರಾದ ಶಬ್ದ ಬೇಕಲ್ಲವೇ ಎಂಬ ಆಕ್ಷೇಪಣೆ ಬರಬಹುದು. ಬಯಲಿನಲ್ಲಿ ಶಬ್ದವನ್ನು ಹಿಂದಿರುಗಿಸುವ ಗೋಡೆಗಳಿಲ್ಲವೆಂಬುದು ನಿಜ. ದೂರ ಇಮ್ಮಡಿಯಾದಾಗಲೆಲ್ಲ ಆರು ಡೆಸಿಬೆಲ್ ಕುಗ್ಗುತ್ತದೆ. ಆದರೆ ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ, ಪೆಟ್ಟಿಗೆಯನ್ನು ಅರ್ಧ ದೂರಕ್ಕೆ ತಂದಿರಿಸಿಕೊಂಡರೆ ವಾಟನ್ನು ನಾಲ್ಕು ಪಟ್ಟು ಹೆಚ್ಚಿಸಿದ ಲಾಭ ಬಿಟ್ಟಿಯಾಗಿ ದೊರೆಯುತ್ತದೆ. ಮನೆಯಲ್ಲಾದರೆ ಗೋಡೆಗೆ ಹತ್ತಿರವಿಟ್ಟರೆ ಮಂದ್ರ ತುಂಬಿಕೊಳ್ಳುತ್ತದೆ. ತೋಟದ ಧೂಳು, ನೀರುಗಳಿಗೆ ಅಂಜುವವರು ಐ.ಪಿ. ಎಂಬ ಅಕ್ಷರಗಳ ಮುಂದಿನ ಎರಡು ಅಂಕಿಗಳನ್ನು ಓದಬೇಕು: ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ. ಈ ಅಂಕಿಗಳನ್ನು ನೋಡಿ ಕೊಳ್ಳುವುದರಲ್ಲಿ ಅರ್ಥವುಂಟು.

ಜೋರಿನ ಮಾತು ಕೊಳ್ಳುವವನೊಬ್ಬನದೇ ಅಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಎಂದು ಮಿತಿ ಹಾಕಿವೆ. ಸ್ವಂತ ಕಿವಿಗೂ ಮಿತಿಯುಂಟು: ವಾರಕ್ಕೆ 40 ಗಂಟೆ ಕೇಳುವ ವಯಸ್ಕರಿಗೆ 80 ಡೆಸಿಬೆಲ್ ಎಲ್ಲೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲ. ಪೆಟ್ಟಿಗೆ ಕೆಟ್ಟರೆ ಇನ್ನೊಂದನ್ನು ತರಬಹುದು, ಕಿವಿಯನ್ನು ತರುವುದೆಲ್ಲಿಂದ?

ಪೆಟ್ಟಿಗೆಗೂ ಸಂಗೀತಯಂತ್ರಕ್ಕೂ ಇರುವ ಸಂಬಂಧದ ಕಡೆಗೂ ಗಮನವಿರಲಿ. ಆಪಲ್ ಸಂಸ್ಥೆಯ ಐಪಾಡ್ ಜನಪ್ರಿಯವಾಗಿದ್ದಾಗ ಅದನ್ನು ಕೂರಿಸಲೆಂದೇ ಗೂಡುಳ್ಳ ಪೆಟ್ಟಿಗೆಗಳು ಬಂದುವು. 2003ರ ಮೂವತ್ತು ಮುಳ್ಳಿನ ಜೋಡಣೆಯನ್ನು ಆ ಸಂಸ್ಥೆ 2012ರಲ್ಲಿ ಬದಲಾಯಿಸಿತು. 2023ರಲ್ಲಿ ತನ್ನ ಫೋನುಗಳಿಗೆ ಮತ್ತೊಂದನ್ನು ತಂದಿತು. ಐಪಾಡಿನ ತಯಾರಿಕೆಯೇ 2022ರಲ್ಲಿ ಮುಗಿಯಿತು. ಪೆಟ್ಟಿಗೆಗಳ ಧ್ವನಿ ಚೆನ್ನಾಗಿಯೇ ಇದ್ದರೂ ಅವುಗಳ ಗೂಡು ಬರಿದಾಯಿತು. ಆದುದರಿಂದ ನಿಸ್ತಂತು ಬ್ಲೂಟೂತ್ ಇದ್ದರೂ, ಸಾಮಾನ್ಯ ತಂತಿಯನ್ನು ಚುಚ್ಚಲು 3.5 ಮಿಲಿಮೀಟರಿನ ರಂಧ್ರವಿರುವ ಪೆಟ್ಟಿಗೆಯೇ ಲೇಸು. ವಿದ್ಯುತ್ಕೋಶವನ್ನು ಬದಲಾಯಿಸುವಂತಿದ್ದರೆ ಇನ್ನೂ ಮೇಲು. ಏಕೆಂದರೆ ಪೊರೆಗಿಂತ ಮೊದಲು ಮುಪ್ಪಾಗುವುದು ಕೋಶ.

ಕೊನೆಗೆ ಪರೀಕ್ಷೆಯ ಕ್ರಮ. ನಿಮಗೆ ಬಾಯಿಪಾಠವಾಗಿರುವ ಹಾಡನ್ನು ನಿಮ್ಮ ಯಂತ್ರದಲ್ಲಿಯೇ ಒಯ್ಯಿರಿ. ಅಂಗಡಿಯವರು ಆರಿಸಿದ ಹಾಡು ಪೆಟ್ಟಿಗೆಯ ದೋಷವನ್ನು ಮುಚ್ಚಲೆಂದೇ ಆರಿಸಿದ್ದಾಗಿರಬಹುದು. ಮೊದಲು ಗಂಡುಕಂಠವನ್ನು ಕೇಳಿರಿ: ಎದೆಯಿಂದ ಬರುವುದೋ, ಮೂಗಿನಿಂದಲೋ? ಬಳಿಕ ಮೃದಂಗವನ್ನು ಕೇಳಿರಿ: ಎಡ ಬಲಗಳು ಬೇರೆಯಾಗಿ ತಿಳಿಯುವುವೋ? ಆಮೇಲೆ ಶಬ್ದವನ್ನು ಬಹಳ ತಗ್ಗಿಸಿ, ಮಾತುಗಳು ಸ್ಪಷ್ಟವಾಗಿವೆಯೇ ನೋಡಿರಿ. ಕಡೆಯಲ್ಲಿ ಪೂರ್ತಿ ಏರಿಸಿ, ಧ್ವನಿ ಒಡೆಯುವುದೋ ಎಂಬುದನ್ನು ಗಮನಿಸಿರಿ. ಈ ನಾಲ್ಕಕ್ಕೂ ಹತ್ತು ನಿಮಿಷ ಸಾಕು. ಇಷ್ಟನ್ನು ಕೇಳಲು ಬಿಡದ ಅಂಗಡಿಯಲ್ಲಿ ಕೊಳ್ಳದಿರುವುದೇ ಲೇಸು.

ವಿಜ್ಞಾನವೆಂದರೆ ಅಂಕಿಗಳಿಗೆ ತಲೆಬಾಗುವುದೆಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಹರಡಿದೆ. ಅಂಕಿ ಯಾವುದರ ಅಳತೆ, ಯಾರು ಅಳೆದದ್ದು, ಯಾವ ಸಂದರ್ಭದಲ್ಲಿ ಅಳೆದದ್ದು ಎಂದು ಕೇಳುವುದೇ ವಿಜ್ಞಾನ. ಒಂದು ಗುಣಾಕಾರ, ಒಂದು ಭಾಗಾಕಾರ, ಪಳಗಿದ ಎರಡು ಕಿವಿಗಳು: ಇಷ್ಟಿದ್ದರೆ ಸಂಗೀತದ ಕೈಪೆಟ್ಟಿಗೆಯನ್ನು ಆರಿಸಲು ಬೇರಾವ ಪಂಡಿತರ ಸಹಾಯವೂ ಬೇಕಾಗದು.